ಐದು ಗಂಟೆಯ ಸಾಲು

ವಿಚಿತ್ರ ಅನುಭವ ಅಂತ ಯಾರಾದರೂ ಏನಾದರೂ ಹೇಳತೊಡಗಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಆವತ್ತು ನೀವು ನಿದ್ದೆ ಇಲ್ಲದೆ ಎಷ್ಟು ತಾಸಾಗಿತ್ತು?" ಕೆಲವರು ನಕ್ಕು ಮಾತು ಬದಲಿಸುತ್ತಿದ್ದರು. ಹೆಚ್ಚಿನವರು ಸಿಟ್ಟಾಗುತ್ತಿದ್ದರು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ಕೇಳುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಮೂವತ್ತು ತಾಸಿನ ಮೇಲಾಗಿತ್ತು. ನಡುವೆ ಕುರ್ಚಿಯಲ್ಲಿ ಕೂತು ತೂಕಡಿಸಿದ್ದು ಬಿಟ್ಟರೆ ನಿದ್ದೆ ಇರಲಿಲ್ಲ. ಇದನ್ನು ಮುಚ್ಚಿಟ್ಟರೆ ಮುಂದಿನದನ್ನು ಹೇಳುವ ಹಕ್ಕು ನನಗೆ ಇರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಳಿಚಕ್ರದಲ್ಲಿ. ಮಳೆ ನಂಬಿ ತೊಗರಿ, ಹೆಸರು ಬೆಳೆಯುವ ಊರು. ಮಳೆ ಬಂದರೆ ಸಾಕು ಅಂತ ಮುಗಿಲು ನೋಡುತ್ತ ಬೆಳೆದವನಿಗೆ ಹೊಳೆ ಬರುವುದು, ಮನೆ ಮುಳುಗುವುದು ಎಲ್ಲ ಬೇರೆ ಯಾರದೋ ಸುದ್ದಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಮ್ಮದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಪಟ ಒಂದು, ಕ್ಯಾಲೆಂಡರ್ ಒಂದು. ಅಪ್ಪ ಬೇಕೆಂದೇ ಅಮಾವಾಸ್ಯೆ ದಿನ ಹೊಸ ಚಪ್ಪಲಿ ತರುತ್ತಿದ್ದರು, ಬೆಕ್ಕು ಅಡ್ಡ ಹೋದರೆ ಅದಕ್ಕೆ ಹಾಲು ಹಾಕುತ್ತಿದ್ದರು. ದೆವ್ವ, ಶಕುನ, ಮುಂಗಾಣುವುದು ಇವೆಲ್ಲ ನಮ್ಮ ಮನೆಯಲ್ಲಿ ನಗೆಯ ಮಾತು. ನಾನು ಬಿ.ಎಸ್ಸಿ ಮುಗಿಸಿದೆ. ಆ ನಗೆ ಇನ್ನಷ್ಟು ಗಟ್ಟಿಯಾಯಿತು.

ನನ್ನ ಕೆಲಸ ಭೀಮಾ ನದಿಯ ನೀರಿನ ಮಟ್ಟ ಓದಿ ಬರೆಯುವುದು. ಯಾದಗಿರಿಯಿಂದ ಬಸ್ಸು ಹಿಡಿದು ಇಳಿದು ಒಂದಿಷ್ಟು ನಡೆದರೆ ಹಳೆಯ ಸೇತುವೆ ಒಂದಿದೆ. ಅದರ ಮೂರನೇ ಕಂಬಕ್ಕೆ ಬಿಳಿ ಕಪ್ಪು ಗೆರೆಯ ಉದ್ದನೆಯ ಪಟ್ಟಿ ಹಚ್ಚಿದ್ದಾರೆ. ಸೇತುವೆಯ ಮೇಲೆ ನಿಂತು, ನೀರು ಆ ಪಟ್ಟಿಯ ಯಾವ ಗೆರೆಗೆ ಮುಟ್ಟಿದೆ ಎಂದು ನೋಡಬೇಕು, ದಂಡೆಯ ಎತ್ತರದಲ್ಲಿರುವ ಒಂದು ಕೋಣೆಯ ಕಟ್ಟಡಕ್ಕೆ ಬಂದು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು, ಫೋನಿನಲ್ಲಿ ಪಟ್ಟಿಯ ಫೋಟೊ ತೆಗೆದು ಮೇಲಿನವರಿಗೆ ಕಳಿಸಬೇಕು. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಸಲ, ಹೊಳೆ ಏರಿದಾಗ ತಾಸಿಗೊಮ್ಮೆ. ರಿಜಿಸ್ಟರಿನ ಹಾಳೆಯಲ್ಲಿ ಗಂಟೆಗಳ ಸಾಲು ಮೊದಲೇ ಅಚ್ಚಾಗಿರುತ್ತದೆ. ಎದುರಿಗೆ ಅಂಕಿ ತುಂಬಿ ಸಣ್ಣ ಸಹಿ ಮಾಡಬೇಕು, ಅಷ್ಟೇ. ದೊಡ್ಡ ಕೆಲಸವಲ್ಲ. ಆದರೆ ಒಂದೇ ಒಂದು ತಪ್ಪು ಅಂಕಿ ಬರೆದವನಲ್ಲ ಎಂಬ ಹೆಮ್ಮೆ ನನಗಿತ್ತು.

ಸೇತುವೆಯ ಕೆಳಗೆ, ಒಂದು ಕೂಗಳತೆಯಲ್ಲಿ, ಅಂಬಿಗರ ಹನ್ನೊಂದು ಮನೆ ಇದ್ದವು. ಊರಿನ ಹೆಸರು ಬೇಡ. ಮೀನು ಹಿಡಿಯುವುದು, ದಂಡೆಯ ಹೊಲದಲ್ಲಿ ಕೂಲಿ, ಯಾದಗಿರಿಯ ಸಂತೆಯಲ್ಲಿ ಸಣ್ಣ ವ್ಯಾಪಾರ, ಇದು ಅವರ ಬದುಕು. ಆ ಓಣಿಗೆ ಹಿರಿಯಳು ಸಾಬವ್ವ. ಎಪ್ಪತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ಯಾರ ಪೈಕಿ ಎಂದು ತಿಳಿದ ಮೇಲೆ, ನನಗೆ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಡುತ್ತಿದ್ದರು. ಮೂರನೇ ವರ್ಷದ ಹೊತ್ತಿಗೆ ಸಾಬವ್ವನೇ ಒಂದು ದಿನ, "ಮಳ್ಯಾಗ ಹೊರಗ ಯಾಕ ಕುಂತಿ ತಮ್ಮಾ, ಒಳಗ ಬಾ," ಅಂದಳು. ಆಮೇಲೆ ಕಟ್ಟೆಯ ಮಾತು ಯಾರೂ ಎತ್ತಲಿಲ್ಲ. ಓಣಿಯ ಮಂದಿ ನನ್ನನ್ನು ಪಟ್ಟಿ ಮಾಸ್ತರ ಎಂದು ಕರೆಯುತ್ತಿದ್ದರು.

ಆ ವರ್ಷ ಶೀಗಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಮಳೆ ಹಿಡಿಯಿತು. ಮುಂಗಾರು ಮುಗಿದು ಹತ್ತಿ ಒಡೆಯುವ ಕಾಲ. ಸಮುದ್ರ ನಮ್ಮಿಂದ ನೂರಾರು ಮೈಲು ದೂರ ಇದೆ. ಆದರೂ ಆಂಧ್ರದ ಕರಾವಳಿಯಲ್ಲಿ ವಾಯುಭಾರ ಕುಸಿದರೆ ಎರಡನೇ ದಿನಕ್ಕೆ ನಮ್ಮ ಅಂಗಳ ಒದ್ದೆ. ಅಲ್ಲಿ ಮರ ಬಿದ್ದವು, ದೋಣಿ ಹೋದವು ಎಂದು ಸುದ್ದಿ ನೋಡುತ್ತ ಕೂತವರ ತಲೆಯ ಮೇಲೇ ಆ ಮೋಡ ಬಂದು ನಿಂತಿರುತ್ತದೆ. ಆ ಸಲವೂ ಹಾಗೇ. ಎರಡು ದಿನ ಬಿಡದೆ ಸುರಿಯಿತು. ಅತ್ತ ಮಹಾರಾಷ್ಟ್ರದಲ್ಲೂ ಅದೇ ಮಳೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಅದು ನಾಳೆ ಬೆಳಿಗ್ಗೆ ನಮ್ಮ ಸೇತುವೆಗೆ ಮುಟ್ಟುತ್ತದೆ ಎಂದು ತಿಳಿಸಿದ್ದರು.

ನನ್ನ ಜೊತೆ ಪಾಳಿ ಹಂಚಿಕೊಳ್ಳುತ್ತಿದ್ದವನು ಶರಣಪ್ಪ, ಸುರಪುರದ ಕಡೆಯವನು. ಅವನ ಊರಿನ ದಾರಿಯಲ್ಲಿ ಹಳ್ಳ ಬಂದು ಬಸ್ಸು ನಿಂತು ಅವನಿಗೆ ಬರಲಾಗಲಿಲ್ಲ. ಹಾಗಾಗಿ ನಾನೊಬ್ಬನೇ. ನನ್ನ ಹೆಂಡತಿ ಸಗರದಲ್ಲಿ ತವರಿನಲ್ಲಿದ್ದಳು. ಅವಳು ಫೋನ್ ಮಾಡಿ, "ಊಟ ಮಾಡೀರೇನ್ರಿ?" ಅಂತ ಕೇಳಿದಾಗಲೆಲ್ಲ ಮಾಡಿದ್ದೇನೆ ಎನ್ನುತ್ತಿದ್ದೆ. ಖರೆ ಹೇಳಬೇಕೆಂದರೆ ಸಾಬವ್ವ ಕಳಿಸಿದ ಜೋಳದ ರೊಟ್ಟಿ, ಪುಂಡಿ ಪಲ್ಯವೇ ಎರಡು ದಿನ ನನ್ನನ್ನು ನಿಲ್ಲಿಸಿತ್ತು.

ಆ ದಿನ ಬೆಳಿಗ್ಗೆ ತಾಲ್ಲೂಕಿನಿಂದ ಒಂದು ಲಾರಿ ಬಂತು. ಸುರಪುರದ ಕಡೆ ಕೃಷ್ಣೆಯ ನಡುಗಡ್ಡೆಯಲ್ಲಿ ಮಂದಿ ಸಿಕ್ಕಿಬಿದ್ದಿದ್ದರು. ಈಜು ಬಲ್ಲವರು, ತೆಪ್ಪ ಹಾಕುವವರು ಬೇಕಾಗಿದ್ದರು. ಓಣಿಯ ಗಂಡಸರೆಲ್ಲ ತೆಪ್ಪಗಳನ್ನು ಲಾರಿಗೆ ಏರಿಸಿಕೊಂಡು ಹೋದರು. ಸಾಬವ್ವನ ಮಗ ಮರೆಪ್ಪ ಹೋಗುವಾಗ ನನ್ನ ಕೋಣೆಯ ಬಾಗಿಲಿಗೆ ಬಂದು, "ಮಾಸ್ತರ್, ನಾಳಿ ನೀರ ಬರೋದ್ರೊಳಗ ನಾವು ಬರ್ತೀವಿ. ಅಲ್ಲಿತನಾ ಸ್ವಲ್ಪ ನೋಡ್ರಿ," ಎಂದ. ಆಗಲಿ ಎಂದೆ. ಓಣಿಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ಲಕ್ವಾ ಹೊಡೆದು ಹಾಸಿಗೆ ಹಿಡಿದ ಒಬ್ಬ ಮುದುಕ, ಮತ್ತು ಮರೆಪ್ಪನ ಮಗಳು ಲಕ್ಷ್ಮಿ. ಹೆರಿಗೆಗೆ ತವರಿಗೆ ಬಂದಿದ್ದ ಅವಳ ಕೂಸಿಗೆ ಆಗ ಆರು ದಿನ.

ಮಧ್ಯಾಹ್ನ ಒಂದು ಗಂಟೆಗೆ ಪಟ್ಟಿ ಓದಿದೆ, ಬರೆದೆ. ರೊಟ್ಟಿ ತಿಂದೆ. ಕುರ್ಚಿಯಲ್ಲಿ ಕೂತೆ. ಕಣ್ಣು ಹತ್ತಿರಬೇಕು. ಮೊಬೈಲಿನ ಅಲಾರಂ ಬಡಿದಾಗ ಎರಡಕ್ಕೆ ಐದು ನಿಮಿಷ ಇತ್ತು. ಕೊಡೆ ಹಿಡಿದು ಸೇತುವೆಗೆ ಹೋದೆ. ನೀರು ಆರು ಮೀಟರಿನ ಮೇಲೆ ಒಂದು ಗೇಣೂ ಇರಲಿಲ್ಲ. ಫೋಟೊ ತೆಗೆದು ಬಂದು, ಕೈ ಒರೆಸಿಕೊಂಡು, ರಿಜಿಸ್ಟರ್ ತೆಗೆದೆ.

ಎರಡು ಗಂಟೆಯ ಸಾಲು ಖಾಲಿ ಇತ್ತು. ಮೂರರದು ಖಾಲಿ, ನಾಲ್ಕರದು ಖಾಲಿ. ಐದು ಗಂಟೆಯ ಸಾಲಿನಲ್ಲಿ ಅಂಕಿ ಇತ್ತು. ಒಂಬತ್ತು, ಚುಕ್ಕೆ, ನಲವತ್ತು. ಎದುರಿಗೆ ನನ್ನ ಸಣ್ಣ ಸಹಿ.

ನನ್ನ ಅಕ್ಷರ ನನಗೆ ಗೊತ್ತಾಗದೆ? ನಾಲ್ಕನ್ನು ನಾನು ಮೇಲೆ ಬಾಯಿ ತೆರೆದು ಬರೆಯುತ್ತೇನೆ, ಸಹಿಯ ಕೊನೆಗೆ ಒಂದು ಬಾಲ ಎಳೆಯುತ್ತೇನೆ. ಎಲ್ಲ ಹಾಗೇ ಇತ್ತು. ಕೋಣೆಗೆ ನಾನಲ್ಲದೆ ಬೇರೆ ಯಾರೂ ಬಂದಿರಲಿಲ್ಲ. ಹೊರಗಿನ ಕೆಸರಿನಲ್ಲಿ ನನ್ನ ಹೆಜ್ಜೆ ಮಾತ್ರ ಇದ್ದವು.

ಮೊದಲು ನಗು ಬಂತು. ನಿದ್ದೆಗಣ್ಣಿನಲ್ಲಿ ತಪ್ಪು ಸಾಲಿನಲ್ಲಿ ಬರೆದಿದ್ದೇನೆ ಅಂದುಕೊಂಡೆ. ಹಾಗಾದರೆ ಯಾವ ಅಂಕಿಯನ್ನು ತಪ್ಪು ಸಾಲಿಗೆ ಬರೆದೆ? ಹಿಂದಿನ ಹಾಳೆ ತಿರುವಿದೆ, ಅದರ ಹಿಂದಿನದು ತಿರುವಿದೆ. ನಾನು ಸೇರಿದಾಗಿನಿಂದ ಆ ಸೇತುವೆಯಲ್ಲಿ ನೀರು ಒಂಬತ್ತು ಮುಟ್ಟಿರಲೇ ಇಲ್ಲ. ಒಂಬತ್ತು ನಲವತ್ತು ಎಂದು ನಾನು ಎಂದೂ ಬರೆದವನಲ್ಲ, ಯಾರ ಬಾಯಲ್ಲೂ ಕೇಳಿದವನಲ್ಲ. ಹೊಡೆದು ಹಾಕೋಣ ಎಂದು ಪೆನ್ನು ಎತ್ತಿದೆ. ಕೈ ಹೋಗಲಿಲ್ಲ. ಯಾಕೆ ಎಂದರೆ ಹೇಳಲಾರೆ. ಪೆನ್ನಿನ ತುದಿ ಹಾಳೆಯ ಮೇಲೆ ನಿಂತೇ ಇತ್ತು. ಕೊನೆಗೆ ಅದನ್ನು ಹಾಗೇ ಬಿಟ್ಟು, ಎರಡರ ಸಾಲಿನಲ್ಲಿ ಆಗಿನ ಓದು ಬರೆದೆ.

ಎಂಟು ದಾಟಿದರೆ ಓಣಿಯ ಕೊನೆಯ ಮನೆಗೆ ನೀರು ಹೊಗುತ್ತದೆ. ಒಂಬತ್ತಕ್ಕೆ ಹನ್ನೊಂದೂ ಮನೆ ಮುಳುಗುತ್ತವೆ. ಅದು ನನ್ನ ಲೆಕ್ಕ, ಹಗ್ಗ ಹಿಡಿದು ನಾನೇ ಅಳೆದಿದ್ದೆ. ಆ ಅಂಕಿಯನ್ನು ನೋಡುತ್ತ ಕೂತಾಗ ನನಗೆ ಅಂಕಿ ಕಾಣಲಿಲ್ಲ. ಲಕ್ಷ್ಮಿ ಮಲಗಿದ್ದ ಕತ್ತಲ ಕೋಣೆ ಕಂಡಿತು.

ಮೇಲಿನವರಿಗೆ ಫೋನ್ ಹಚ್ಚಿದೆ. ಆ ಕಡೆ ಇದ್ದವರು ಒಬ್ಬ ಎಳೆಯ ಇಂಜಿನಿಯರ್. ಒಳ್ಳೆಯ ಮನುಷ್ಯ. ಅವರೂ ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. "ಸರ್, ಇವತ್ತು ಸಂಜೀಗಿ ನೀರು ಏರೂದು ಏನರ ಅದೇನ್ರಿ?" ಎಂದು ಕೇಳಿದೆ.

"ಇಲ್ಲಪಾ, ನಾಳೆ ಬೆಳಿಗ್ಗೆ ಏಳಕ್ಕೆ. ಇವತ್ತು ಹೆಚ್ಚಂದ್ರ ಒಂದು ಅರ್ಧ ಮೀಟರ್ ಏರಬಹುದು. ಯಾಕ?"

"ಏನಿಲ್ರಿ ಸರ್. ಹಂಗ ಕೇಳ್ದೆ."

ಐದು ಗಂಟೆಯ ಸಾಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಏನೆಂದು ಹೇಳುವುದು? ನಾಡಿನ ಅರ್ಧ ನೀರಿನಲ್ಲಿರುವಾಗ ಒಬ್ಬ ಪಟ್ಟಿ ಓದುವವನು, ತಾನು ಬರೆದದ್ದು ತನಗೇ ನೆನಪಿಲ್ಲ ಎಂದು ದೂರುತ್ತಾನೆ ಅಂದರೆ ಯಾರು ಕೇಳುತ್ತಾರೆ? ನಾನೇ ಆ ಕುರ್ಚಿಯಲ್ಲಿದ್ದರೆ ಹೋಗಿ ಮಲಗಪ್ಪಾ ಎನ್ನುತ್ತಿದ್ದೆ.

ಕೊಡೆ ತೆಗೆದುಕೊಂಡೆನೋ ಇಲ್ಲವೋ, ಓಣಿಯ ಕಡೆ ಇಳಿದೆ.

ಸಾಬವ್ವ ಬಾಗಿಲ ಬಳಿ ಕೂತು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸುಳ್ಳನ್ನು ಒಂದೇ ಉಸಿರಿಗೆ ಹೇಳಿದೆ. "ಯವ್ವಾ, ಆಫೀಸಿನಿಂದ ಆರ್ಡರ್ ಬಂದದ. ಐದು ಗಂಟಿ ಒಳಗ ಎಲ್ಲಾರೂ ಮನಿ ಬಿಟ್ಟು ಸಾಲಿಗೆ ಹೋಗಬೇಕಂತ."

ಸಾಲಿ ಅಂದರೆ ಶಾಲೆ. ಅದು ಎತ್ತರದಲ್ಲಿತ್ತು, ಕರಿಮಣ್ಣಿನ ದಾರಿಯಲ್ಲಿ ಮೈಲಿಗಿಂತ ಹೆಚ್ಚು ನಡೆಯಬೇಕು.

ಅವಳು ಬಲೆ ಕೆಳಗಿಟ್ಟಳು. "ನಾಳಿ ನೀರ ಬರತದಂತ ಮುಂಜಾನಿ ನೀನೇ ಹೇಳಿದ್ದಿ. ಈ ಮಳ್ಯಾಗ ಬಾಣಂತಿನ್ನ ಹೊರಗ ಹಾಕಂತಿ? ಆರು ದಿನದ ಕೂಸದ. ಥಂಡಿ ಹತ್ತಿದ್ರ ಯಾರ ಜವಾಬ್ದಾರಿ? ಯಾವ ಸಾಹೇಬ ಹೇಳ್ಯಾನ? ಅವಗ ಫೋನ್ ಹಚ್ಚು, ನಾ ಮಾತಾಡ್ತೀನಿ."

ನಾನು ಫೋನು ತೆಗೆಯಲಿಲ್ಲ. ಕೈ ಜೇಬಿನಲ್ಲೇ ಇತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ತಮ್ಮಾ, ನೀ ಸುಳ್ಳ ಹೇಳಾಕತ್ತಿ," ಅಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ.

"ಹೌದಬೇ."

"ಆರ್ಡರ್ ಬಂದಿಲ್ಲ."

"ಬಂದಿಲ್ಲ."

"ನೀರ ಬರತದೇನು?"

"ಬರತದ."

"ನಿನಗ ಹ್ಯಾಂಗ ಗೊತ್ತು?"

ನಾನು ಏನಾದರೂ ಹೇಳಬಹುದಿತ್ತು. ಹಳ್ಳದ ಬಣ್ಣ ನೋಡಿದೆ, ಗಾಳಿ ತಿರುಗಿದೆ, ಹೀಗೆ ಏನಾದರೂ. ಆದರೆ ಆ ಮುದುಕಿಯ ಎದುರು ಎರಡನೇ ಸುಳ್ಳು ಬಾಯಿಂದ ಹೊರಡಲಿಲ್ಲ. "ಗೊತ್ತಿಲ್ಲಬೇ," ಎಂದೆ. "ಹ್ಯಾಂಗ ಗೊತ್ತು ಅಂತ ನನಗ ಗೊತ್ತಿಲ್ಲ. ಖರೇ ಹೇಳಾಕತ್ತೇನಿ."

ಅವಳು ಬಲೆಯನ್ನು ಪಕ್ಕಕ್ಕೆ ಸರಿಸಿದಳು. ಮೊಣಕಾಲಿಗೆ ಕೈಕೊಟ್ಟು ಎದ್ದಳು. ಓಣಿಯ ಕಡೆ ತಿರುಗಿ ಕೂಗಿದಳು: "ಏಳ್ರೇ! ಒಲಿ ಆರಸ್ರಿ! ಹುಡುಗರನ್ನ ತಗೊಳ್ರಿ, ಸಾಲಿಗಿ ನಡೀರಿ ಎಲ್ಲಾರೂ!"

ಒಬ್ಬಿಬ್ಬರು ವಾದಿಸಿದರು. ಗಂಡಸರು ಬರಲಿ ಎಂದರು, ಸಾಮಾನು ಯಾರು ನೋಡಬೇಕು ಎಂದರು. ಸಾಬವ್ವ ಯಾರಿಗೂ ಕಾರಣ ಹೇಳಲಿಲ್ಲ. "ನಾ ಹೇಳೀನಿ, ನಡೀರಿ" ಎಂದಷ್ಟೇ. ಅವಳ ಮಾತಿಗೆ ಆ ಓಣಿಯಲ್ಲಿ ಎದುರು ಮಾತು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಆ ಒಂದೂವರೆ ತಾಸು ನನಗೆ ಚೆನ್ನಾಗಿ ನೆನಪಿದೆ. ಲಕ್ವಾದ ಮುದುಕನನ್ನು ಹೊರಸಿನ ಸಮೇತ ನಾಲ್ವರು ಹೆಂಗಸರು ಎತ್ತಿದರು, ಮೇಲೆ ತಾಡಪತ್ರಿ ಹೊದಿಸಿದರು. ಅವನು ಒಳಗಿನಿಂದ ಬೈಯುತ್ತಲೇ ಇದ್ದ. ಆಡು ಬಿಚ್ಚಿದರು, ಕೋಳಿ ಬುಟ್ಟಿಗೆ ಹಾಕಿದರು. ಕೆಲವರು ಗೊಬ್ಬರದ ಚೀಲವನ್ನು ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರು. ಲಕ್ಷ್ಮಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಹಿಡಿದು ಹೊರಬಂದಳು. ಮುಖ ಬಿಳಿಚಿಕೊಂಡಿತ್ತು. ಅವಳ ಎರಡೂ ಕಡೆ ಇಬ್ಬರು ನಿಂತರು. ಕೂಸನ್ನು ಯಾರು ಹಿಡಿಯುವುದು ಎಂಬ ಪ್ರಶ್ನೆ ಬಂತು. ಎಲ್ಲರ ಕೈಗಳೂ ತುಂಬಿದ್ದವು.

ಸಾಬವ್ವ ರೊಟ್ಟಿ ಬುಟ್ಟಿಯಲ್ಲಿ ಕೌದಿ ಮಡಚಿ ಹಾಸಿದಳು, ಕೂಸನ್ನು ಮಲಗಿಸಿದಳು, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದಳು. ಬುಟ್ಟಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟಳು. "ಎದಿಗಿ ಹಚ್ಚಿ ಹಿಡಿ. ಜಾರತದ ದಾರಿ," ಅಂದಳು. ಒಂದು ಕಾಲಕ್ಕೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿದ್ದ ಮನೆ ಅದು. ಆ ಕ್ಷಣ ನನಗೆ ಅದು ನೆನಪಾಯಿತು. ಅವಳಿಗೂ ಆಗಿರಬಹುದು.

ಕರಿಮಣ್ಣು ಕಾಲಿಗೆ ಅಂಟಿ ಗಾಣದ ಕಲ್ಲಿನ ಹಾಗೆ ಭಾರವಾಗುತ್ತಿತ್ತು. ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಬುಟ್ಟಿಯೊಳಗೆ ಕೂಸು ದಾರಿಯುದ್ದಕ್ಕೂ ಅಳಲಿಲ್ಲ. ನಾನು ಹತ್ತು ಹೆಜ್ಜೆಗೊಮ್ಮೆ ಹಾಳೆ ಎತ್ತಿ, ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದೆ. ಹಿಂದೆ ಯಾರೋ, "ಪಟ್ಟಿ ಮಾಸ್ತರ್, ಸುಮ್ಮ ನಡೀರಿ, ಅದು ಮಲಗ್ಯದ," ಎಂದು ನಕ್ಕರು. ಇವರನ್ನೆಲ್ಲ ಮಳೆಯಲ್ಲಿ ನಡೆಸಿಕೊಂಡು ಹೊರಟಿದ್ದೇನೆ. ಐದು ಗಂಟೆಗೆ ಏನೂ ಆಗದಿದ್ದರೆ? ಕೂಸಿಗೆ ಜ್ವರ ಬಂದರೆ? ಖರೆ ಹೇಳುತ್ತೇನೆ, ಆ ದಾರಿಯಲ್ಲಿ ನೀರು ಬರದಿರಲಿ ಎಂದೂ ಬಯಸಿದೆ, ಬರಲಿ ಎಂದೂ ಬಯಸಿದೆ. ಬರಲಿ ಎಂದು ಬಯಸಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಶಾಲೆಯ ಬೀಗದ ಕೈ ಅಡುಗೆಯವಳ ಬಳಿ ಇತ್ತು, ಅವಳ ಮನೆ ಪಕ್ಕದಲ್ಲೇ. ಬಾಗಿಲು ತೆಗೆಸಿ, ತಲೆ ಎಣಿಸಿದೆ. ಎಲ್ಲರೂ ಇದ್ದರು. ಅಡುಗೆಯವಳು ಯಾರೂ ಹೇಳದೆ ಒಲೆ ಹಚ್ಚಿ, ಬಾಣಂತಿಗೆ ಬಿಸಿನೀರು ಕಾಯಿಸಿದಳು. ಗಡಿಯಾರ ನೋಡಿದೆ. ನಾಲ್ಕೂವರೆ. ಐದರ ಓದು ನನ್ನ ಕೆಲಸ. ವಾಪಸು ಹೊರಟೆ.

ದಾರಿಯ ಅರ್ಧಕ್ಕೆ ಸಪ್ಪಳ ಕೇಳಿತು. ಗೂಡ್ಸ್ ರೈಲು ದೂರದಲ್ಲಿ ಹೋಗುವ ಹಾಗೆ, ಆದರೆ ಮುಗಿಯದ ರೈಲು. ಸೇತುವೆಗಿಂತ ಸ್ವಲ್ಪ ಮೇಲೆ ನದಿಗೆ ಬಂದು ಸೇರುವ ಹಳ್ಳ ಒಂದಿದೆ. ವರ್ಷದ ಹತ್ತು ತಿಂಗಳು ಅದರಲ್ಲಿ ಎಮ್ಮೆಯ ಮೈ ಮುಳುಗುವಷ್ಟೂ ನೀರಿರುವುದಿಲ್ಲ. ಆ ಹಳ್ಳ ಗುಡ್ಡದ ಹಾಗೆ ಎದ್ದು ಬರುತ್ತಿತ್ತು. ಆಮೇಲೆ ತಿಳಿಯಿತು, ಮೇಲಿನ ಊರುಗಳಲ್ಲಿ ಎರಡು ಕೆರೆ ಕೋಡಿ ಬಿದ್ದು, ಅದರಲ್ಲಿ ಒಂದರ ಏರಿ ಒಡೆದಿತ್ತು. ಒಡೆದದ್ದು ಮೂರೂವರೆಗೆ. ದಯವಿಟ್ಟು ಇದನ್ನು ಗಮನಿಸಿ. ನಾನು ಆ ಅಂಕಿ ನೋಡಿದ್ದು ಎರಡು ಗಂಟೆಗೆ. ಆಗ ಆ ಏರಿ ಗಟ್ಟಿಯಾಗಿ ನಿಂತಿತ್ತು.

ಸೇತುವೆ ಎತ್ತರದ್ದು, ದಾಟಲು ಬರುತ್ತಿತ್ತು. ಮೇಲೆ ನಿಂತು ಕಟಾಂಜನ ಹಿಡಿದು ಬಗ್ಗಿದೆ. ಕೆಂಪು ನೀರು ಜಾಲಿಯ ಗಿಡ, ಹತ್ತಿಯ ಗಿಡ, ಯಾರದೋ ಕೊಟ್ಟಿಗೆಯ ತಗಡು ಹೊತ್ತು ಓಡುತ್ತಿತ್ತು. ಪಟ್ಟಿ ನೋಡಿದೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಮೂರನೇ ಸಲ ನೋಡಿ ಫೋಟೊ ತೆಗೆದೆ.

ಒಂಬತ್ತು ನಲವತ್ತು.

ಕೋಣೆಗೆ ಬಂದೆ. ಫೋಟೊ ಕಳಿಸಿದೆ, ಫೋನಿನಲ್ಲಿ ಅಂಕಿ ಹೇಳಿದೆ. ಆ ಕಡೆ ಇಂಜಿನಿಯರ್, "ಎಷ್ಟು? ಮತ್ತೊಮ್ಮೆ ಹೇಳು," ಎಂದು ಕೂಗುತ್ತಿದ್ದರು. ಮತ್ತೊಮ್ಮೆ ಹೇಳಿದೆ. ರಿಜಿಸ್ಟರ್ ತೆಗೆದು ಪೆನ್ನು ಹಿಡಿದು ಕೂತೆ. ಬರೆಯಲು ಏನೂ ಇರಲಿಲ್ಲ. ಮೂರು, ನಾಲ್ಕರ ಸಾಲು ಖಾಲಿ, ಆ ಹೊತ್ತು ನಾನು ಓಣಿಯಲ್ಲಿದ್ದೆ. ಐದರದು ತುಂಬಿತ್ತು. ನಾನು ಅಲ್ಲಿ ಎಷ್ಟು ಹೊತ್ತು ಕೂತೆನೋ, ಆರರ ಓದಿಗೆ ಮೊಬೈಲ್ ಬಡಿದಾಗಲೇ ಎದ್ದೆ. ಆಗ ಓಣಿಯ ಜಾಗದಲ್ಲಿ ಎರಡು ಬೇವಿನ ಮರದ ತುದಿ ಬಿಟ್ಟರೆ ನೀರು ಒಂದೇ ಇತ್ತು.

ಮರುದಿನ ಮುಂಜಾನೆ ಗಂಡಸರು ಬಂದರು. ಸುರಪುರದ ಕಡೆ ನಡುಗಡ್ಡೆಯಿಂದ ಎಲ್ಲರನ್ನೂ ದಾಟಿಸಿ, ಅಲ್ಲಿಂದ ನೇರ ಬಂದಿದ್ದರು. ಸೇತುವೆಯ ಮೇಲೆ ಲಾರಿಯಿಂದ ಇಳಿದವರು ಓಣಿಯಿದ್ದ ಕಡೆ ನೋಡಿದರು. ಮರೆಪ್ಪ ದಂಡೆಯ ಕಡೆ ಓಡತೊಡಗಿದ. ನಾನು ಕೋಣೆಯಿಂದ ಓಡಿಹೋಗಿ, "ಸಾಲ್ಯಾಗ ಅದಾರ, ಎಲ್ಲಾರೂ ಅದಾರ, ಕೂಸೂ ಅದ," ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನ ಎರಡೂ ಕೈ ಹಿಡಿದ. "ನಾವು ಮಂದಿನ್ನ ಉಳಸಾಕ ಹೋಗಿದ್ವಿ ಮಾಸ್ತರ್, ನಮ್ಮ ಮಂದಿನ್ನ ನೀವು ಉಳಿಸಿದ್ರಿ," ಎಂದ. ನಾನು ಕೈ ಬಿಡಿಸಿಕೊಂಡೆ. ಆ ಮಾತು ನನಗೆ ಸಲ್ಲುವುದಿಲ್ಲ ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಯಾರಿಗೆ ಸಲ್ಲುತ್ತದೆ ಎಂದು ಗೊತ್ತಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಮುಟ್ಟಿಸಿ ಬರುತ್ತಿದ್ದೆ.

ಇಂಜಿನಿಯರ್ ಮುಂದೊಂದು ದಿನ ಬಂದು ಬೆನ್ನು ತಟ್ಟಿದರು. ಅಷ್ಟು ಮೊದಲೇ ಹೇಗೆ ತಿಳಿಯಿತು ಎಂದು ಕೇಳಿದರು. ಹಳ್ಳ ನೋಡಿ ಅಂದಾಜು ಮಾಡಿದೆ ಎಂದೆ. ಅವರು ಅದನ್ನು ಮೆಚ್ಚಿದರು. ಆ ರಿಜಿಸ್ಟರ್ ತುಂಬಿದ ಮೇಲೆ ಕಚೇರಿಗೆ ಹೋಯಿತು. ಈಗ ಯಾವ ಕಪಾಟಿನಲ್ಲಿದೆಯೋ. ಯಾರಾದರೂ ತೆಗೆದು ನೋಡಿದರೆ ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಐದು ಗಂಟೆ, ಒಂಬತ್ತು ನಲವತ್ತು, ಸಹಿ. ಎರಡು ಗಂಟೆಗೆ ಆ ಹಾಳೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳುವ ಬುದ್ಧಿ ನನಗೆ ಹೊಳೆಯಲಿಲ್ಲ. ಹಾಗಾಗಿ ನಿಮ್ಮ ಮುಂದೆ ಇಡಲು ಸಾಕ್ಷಿ ಇಲ್ಲ, ನನ್ನ ಮಾತು ಮಾತ್ರ.

ಶರಣಪ್ಪನಿಗೆ ಹೇಳಿದೆ. ಅವನು ನನ್ನ ಹಳೆಯ ಪ್ರಶ್ನೆಯನ್ನೇ ನನಗೆ ಕೇಳಿದ. ಐದು ಗಂಟೆಗೆ ಓದಿ ಬರೆದದ್ದನ್ನೇ ದಣಿದ ತಲೆ ಎರಡು ಗಂಟೆಗೆ ನೋಡಿದೆ ಎಂದು ತಿರುವಿಕೊಂಡಿದೆ ಎಂದ. ಒಳ್ಳೆಯ ವಿವರಣೆ. ನಾನೂ ಎಷ್ಟೋ ಸಲ ಅದನ್ನೇ ಹಿಡಿದುಕೊಳ್ಳಲು ನೋಡಿದ್ದೇನೆ. ಆದರೆ ಹಾಗಾದರೆ ಎರಡೂವರೆಗೆ ನಾನು ಓಣಿಗೆ ಯಾಕೆ ಇಳಿದೆ? ಅಪ್ಪನಿಗೆ ಹೇಳಲು ಒಂದು ವರ್ಷ ಹೆದರಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, "ಗೊತ್ತಿಲ್ಲ ಅನ್ನಾಕ ನಾಚಬ್ಯಾಡ. ಗೊತ್ತಿಲ್ಲಂತ ಹೇಳಿ ಒಂದು ಸುಳ್ಳ ಉತ್ತರ ಮಾತ್ರ ಹುಡುಕಬ್ಯಾಡ," ಅಂದರು. ಆಮೇಲೆ ಕೂಸು ಹೇಗಿದೆ ಎಂದು ಕೇಳಿದರು.

ಕೂಸು ಚೆನ್ನಾಗಿದೆ. ಈಗ ಒಂದನೇ ಕ್ಲಾಸು. ಓಣಿಯವರಿಗೆ ಶಾಲೆಯ ಹತ್ತಿರ ಎತ್ತರದಲ್ಲಿ ಜಾಗ ಸಿಕ್ಕಿದೆ, ಹನ್ನೊಂದು ಮನೆ ಈಗ ಹದಿಮೂರಾಗಿವೆ. ಲಕ್ಷ್ಮಿ ಮಗಳನ್ನು ಕರೆದುಕೊಂಡು ತವರಿಗೆ ಬಂದಾಗಲೆಲ್ಲ ನನಗೆ ಹೇಳಿ ಕಳಿಸುತ್ತಾಳೆ. ಹೋದರೆ ಊಟ ಮಾಡದೆ ಬಿಡುವುದಿಲ್ಲ.

ಹೋದ ಸಲ ಹೋದಾಗ ಸಾಬವ್ವ ಒಬ್ಬಳೇ ಇದ್ದಳು. ಕಣ್ಣು ಮಂಜಾಗಿವೆ, ದನಿ ಹಾಗೇ ಇದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಆವತ್ತು ಕೇಳಿದೆ. "ಯವ್ವಾ, ಆವತ್ತು ನಾ ಮೊದಲು ಸುಳ್ಳ ಹೇಳ್ದೆ. ಆಮ್ಯಾಲ ಗೊತ್ತಿಲ್ಲಂದೆ. ನನ್ನ ಮಾತಿನ್ಯಾಗ ನಂಬೂವಂಥದು ಏನಿತ್ತು? ಯಾಕ ಎದ್ದಿ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿದಂತಿತ್ತು. "ನಿನ್ನ ಮಾತಿಗಿ ಯಾರ ಎದ್ದಾರ ತಮ್ಮಾ?" ಅಂದಳು. "ನೀ ಅಳಾಕತ್ತಿದ್ದಿ."

"ಮಳಿ ಇತ್ತಲ್ಲಬೇ. ಮುಖ ತೊಯ್ದಿತ್ತು."

"ಮಳಿ ನೀರ ಯಾವುದು, ಕಣ್ಣೀರ ಯಾವುದು ನನಗ ತಿಳಿಯಂಗಿಲ್ಲೇನು? ಹೊಳಿ ದಂಡ್ಯಾಗ ಹುಟ್ಟೀನಿ. ಬಾಗಿಲಿಗಿ ಬಂದು ನಿಂತಾಗಿಂದ ಅಳಾಕತ್ತಿದ್ದಿ. ಸತ್ತವರ ಮನಿ ಮುಂದ ಬಂದು ನಿಂತವರಂಗ. ನಮ್ಮನ್ನ ಒಬ್ಬೊಬ್ಬರನ್ನ ನೋಡಿ ನೋಡಿ ಅಳಾಕತ್ತಿದ್ದಿ. ಅದನ್ನ ನೋಡಿ ಎದ್ದೆ."

ನನಗೆ ಅತ್ತ ನೆನಪಿಲ್ಲ. ಬಲೆಯ ಹರಿದ ಕಣ್ಣು ನೆನಪಿದೆ, ಜೇಬಿನಲ್ಲಿದ್ದ ಕೈ ನೆನಪಿದೆ, ನಾವಿಬ್ಬರು ಆಡಿದ ಒಂದೊಂದು ಮಾತೂ ನೆನಪಿದೆ. ಅತ್ತದ್ದು ಇಲ್ಲ. ಹೊರಗೆ ಹೋಗಿದ್ದ ಲಕ್ಷ್ಮಿ ಬಂದ ಮೇಲೆ ಅವಳನ್ನು ಕೇಳಿದೆ. ಒಳಗಿನ ಕೋಣೆಯಲ್ಲಿ ಮಲಗಿದ್ದವಳು ಅವಳು, ನನ್ನ ಮುಖ ಕಂಡವಳಲ್ಲ. "ಹೌದ್ರಿ ಮಾಸ್ತರ್, ನೀವು ಅಳೂ ದನಿ ಕೇಳೇ ನನಗ ಎಚ್ಚರಾತು," ಅಂದಳು. "ಯಾರ ಹೋದ್ರೋ ಅಂತ ಕೂಸಿನ್ನ ತಬ್ಬಿ ಹಿಡದಿದ್ದೆ."